ಸೈನಿಕರಾಗದೆಯೂ ನೌಕಾಪಡೆಯ ಯಾರ್ಡಿನಲ್ಲಿ ಕೆಲಸ ಕಲಿಯುವುದು ಹೇಗೆ?

ಮಿಲಿಟರಿ ಅಂದರೆ ಓಟ, ಬಂದೂಕು ಅಷ್ಟೇ ಅಂದುಕೊಂಡವರು ಕಾಸರಗೋಡಿನಲ್ಲಿ ಜಾಸ್ತಿ. ಆದರೆ ಯುದ್ಧನೌಕೆ ರಿಪೇರಿ ಮಾಡುವ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್‌ಗಳಲ್ಲಿ ಬಹಳ ಮಂದಿ ಸಿವಿಲಿಯನ್ನರು. ಆ ಕೆಲಸಕ್ಕೆ ದಾರಿ ಅಪ್ರೆಂಟಿಸ್‌ಶಿಪ್, ಅಂದರೆ ಯಾರ್ಡಿನಲ್ಲೇ ಕೆಲಸ ಮಾಡುತ್ತ ಕಲಿಯುವ ತರಬೇತಿ.

ಮೊದಲು ಐಟಿಐ. ವಿದ್ಯಾನಗರದ ಸರಕಾರಿ ಐಟಿಐ ಇದೆಯಲ್ಲ, ಅಲ್ಲಿಂದಲೇ ಶುರು ಮಾಡಬಹುದು. ನೌಕಾಪಡೆಯ ಯಾರ್ಡುಗಳು ಸಾಮಾನ್ಯವಾಗಿ ಹತ್ತನೇ ತರಗತಿಯಲ್ಲಿ ಶೇ 50, ಐಟಿಐಯಲ್ಲಿ ಶೇ 65 ಅಂಕ ಕೇಳುತ್ತವೆ. ಪಾಸಾದರೆ ಸಾಕು ಅಂತ ಓದಿದವರು ಇಲ್ಲೇ ಹೊರಗುಳಿಯುತ್ತಾರೆ.

ಆಮೇಲೆ ಕಾಗದಪತ್ರ. ನಮ್ಮವರಿಗೆ ತಲೆನೋವು ಇಲ್ಲೇ. ಕೇರಳದ ಎಸ್‌ಎಸ್‌ಎಲ್‌ಸಿಯಲ್ಲಿ ಇರುವುದು ಗ್ರೇಡು, ಅರ್ಜಿಯಲ್ಲಿ ಕೇಳುವುದು ಶೇಕಡಾ. ಸಿ ಪ್ಲಸ್ ಅಂದರೆ 50ರಿಂದ 59, ಬಿ ಅಂದರೆ 60ರಿಂದ 69. ಸುಮ್ನೆ ಅಂದಾಜಿನಲ್ಲಿ ತುಂಬಬೇಡಿ, ಗ್ರೇಡನ್ನು ಹೇಗೆ ಲೆಕ್ಕ ಹಾಕಬೇಕು ಅಂತ ಜಾಹೀರಾತಿನಲ್ಲಿ ಹುಡುಕಿ. ಹೆಸರನ್ನೂ ನೋಡಿಕೊಳ್ಳಿ. ಎಸ್‌ಎಸ್‌ಎಲ್‌ಸಿಯಲ್ಲಿ ‘ಪ್ರವೀಣ ಕೆ.’, ಆಧಾರ್‌ನಲ್ಲಿ ‘ಪ್ರವೀಣ್ ಕುಮಾರ್’ ಅಂತಿದ್ದರೆ ಈಗಲೇ ಸರಿಮಾಡಿಸಿ. ಜಾತಿ ಸರ್ಟಿಫಿಕೇಟು ಬೇಕಿದ್ದರೆ ಸರಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಮೊದಲೇ ಅರ್ಜಿ ಹಾಕಿಡಿ.

ಮೂರನೆಯದು, ಸರಕಾರದ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ನೋಂದಣಿ. ಇದಕ್ಕೆ ಕಾಸಿಲ್ಲ. ‘ಒಳಗೆ ಪರಿಚಯ ಉಂಟು, ಇಷ್ಟು ಕೊಡಿ’ ಅನ್ನುವವರನ್ನು ಅಂಗಳಕ್ಕೇ ಸೇರಿಸಬೇಡಿ. ಕೊಚ್ಚಿ ಮತ್ತು ಕಾರವಾರದ ನೌಕಾ ಹಡಗು ರಿಪೇರಿ ಯಾರ್ಡು, ಮುಂಬೈ ಮತ್ತು ವಿಶಾಖಪಟ್ಟಣದ ನೌಕಾ ಡಾಕ್‌ಯಾರ್ಡುಗಳ ಜಾಹೀರಾತಿನ ಮೇಲೆ ಕಣ್ಣಿಡಿ. ಕಾರವಾರಕ್ಕಾದರೆ ನೇತ್ರಾವತಿ ಎಕ್ಸ್‌ಪ್ರೆಸ್ ಕಾಸರಗೋಡಿನಿಂದ ನೇರ ಹೋಗುತ್ತದೆ. ಸೀತಾಂಗೋಳಿಯ ಎಚ್‌ಎಎಲ್ ಘಟಕವೂ ರಕ್ಷಣಾ ಇಲಾಖೆಗೆ ಸೇರಿದ್ದೇ, ಅದನ್ನೂ ಹುಡುಕಿ ನೋಡಿ.

ಆನ್‌ಲೈನ್ ಅರ್ಜಿ ಹಾಕಿದ ಕೂಡಲೇ ಮುಗಿಯಿತು ಅಂದುಕೊಳ್ಳಬೇಡಿ. ಕೆಲವು ಯಾರ್ಡುಗಳು ಅರ್ಜಿಯ ಪ್ರಿಂಟು, ದಾಖಲೆಗಳ ನಕಲು ಎರಡನ್ನೂ ಅಂಚೆಯಲ್ಲಿ ಕೇಳುತ್ತವೆ. ಲಕೋಟೆಯ ಮೇಲೆ ಟ್ರೇಡಿನ (ಫಿಟ್ಟರ್, ವೆಲ್ಡರ್‌ನಂಥ ಕಸುಬಿನ) ಹೆಸರು ಬರೆಯಿರಿ ಅಂದಿದ್ದರೆ ಬರೆಯಲೇಬೇಕು.

ಪರೀಕ್ಷೆಯಲ್ಲಿ ಗಣಿತ, ವಿಜ್ಞಾನ, ಸಾಮಾನ್ಯ ಜ್ಞಾನ ಇರುತ್ತದೆ. ಆಯ್ಕೆಯಾದವರಿಗೆ ವೈದ್ಯಕೀಯ ತಪಾಸಣೆ, ಪೊಲೀಸ್ ವೆರಿಫಿಕೇಷನ್.

ಕೈಗೆ ಬರುವುದು ಸಂಬಳವಲ್ಲ, ಸ್ಟೈಪೆಂಡ್. ಯಾರ್ಡಿನವರು ಕೆಲಸ ಕೊಡಲೇಬೇಕು ಅಂತ 1961ರ ಅಪ್ರೆಂಟಿಸ್ ಕಾಯಿದೆ ಹೇಳುವುದಿಲ್ಲ. ಹಾಗಂತ ಬಿಡಬೇಡಿ. ತರಬೇತಿಯ ಕೊನೆಗೆ ಅಖಿಲ ಭಾರತ ಟ್ರೇಡ್ ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟು ಸಿಗುತ್ತದೆ. ಮುಂದೆ ನೌಕಾಪಡೆ ಸಿವಿಲಿಯನ್ ‘ಟ್ರೇಡ್ಸ್‌ಮನ್ ಸ್ಕಿಲ್ಡ್’ ಹುದ್ದೆಗೆ ಅರ್ಜಿ ಕರೆದಾಗ, ಸೇನೆಯಲ್ಲಿ ಮೆಕ್ಯಾನಿಕ್ ಆಗಿದ್ದವರನ್ನು ಬಿಟ್ಟರೆ, ಕೇಳುವುದು ಅದೇ ಟ್ರೇಡಿನಲ್ಲಿ ಅಪ್ರೆಂಟಿಸ್‌ಶಿಪ್ ಮುಗಿಸಿದವರನ್ನು.