ಹಿಡಿತ ಅಷ್ಟೇ, ಕೈಗೆ ಭಾರ ಕಡಿಮೆ: ಲಾಕಿಂಗ್ ಪ್ಲೈಯರ್ ರೂಪಿಸಿದ ನನ್ನ ಅನುಭವ

ಪೀಣ್ಯದಲ್ಲಿ ನಾನು ನಡೆಸುವ ಸಣ್ಣ ಟೂಲ್‌ರೂಮಿನ ಪಕ್ಕದಲ್ಲೇ ಗ್ರಿಲ್ ಮತ್ತು ಗೇಟು ಮಾಡುವ ಫ್ಯಾಬ್ರಿಕೇಶನ್ ಶೆಡ್ ಒಂದಿದೆ. ಅಲ್ಲಿನ ಹಿರಿಯ ವೆಲ್ಡರ್ ಒಬ್ಬರು ಸಂಜೆಯ ಹೊತ್ತಿಗೆ ಹೆಬ್ಬೆರಳಿನ ಬುಡವನ್ನು ನೀವಿಕೊಳ್ಳುತ್ತಾ ಕೂರುವುದನ್ನು ಬಹಳ ದಿನಗಳಿಂದ ನೋಡುತ್ತಿದ್ದೆ. ಕಾರಣ ಕೇಳಿದಾಗ ಅವರು ಬೆರಳು ತೋರಿಸಿದ್ದು ವೆಲ್ಡಿಂಗ್ ಹೋಲ್ಡರಿನ ಕಡೆಗಲ್ಲ, ಬೆಂಚಿನ ಮೇಲಿದ್ದ ಹತ್ತಿಂಚಿನ ಲಾಕಿಂಗ್ ಪ್ಲೈಯರ್, ಅಂದರೆ ಅಮುಕಿದರೆ ಕಚ್ಚಿದಲ್ಲೇ ಬೀಗ ಬೀಳುವ ಇಕ್ಕುಳದ ಕಡೆಗೆ. ಶೆಡ್ಡಿನವರೆಲ್ಲ ಅದನ್ನು ವೈಸ್‌ಗ್ರಿಪ್ ಎಂದೇ ಕರೆಯುತ್ತಾರೆ. ಪಟ್ಟಿಗೆ ಪಟ್ಟಿ ಜೋಡಿಸಿ ಟ್ಯಾಕ್ (ತಾತ್ಕಾಲಿಕ ಚಿಕ್ಕ ಬೆಸುಗೆ) ಹಾಕುವಾಗ ದಿನಕ್ಕೆ ನೂರಾರು ಬಾರಿ ಅದನ್ನು ಅಮುಕಿ ಬಿಗಿಯಬೇಕು, ಅಷ್ಟೇ ಬಾರಿ ಬಿಡಿಸಬೇಕು. ಇದನ್ನು ಹಗುರ ಮಾಡಲು ಸಾಧ್ಯವೇ ಎಂಬ ಪ್ರಶ್ನೆಯಿಂದ ಶುರುವಾದ ಕೆಲಸ ಎರಡು ವರ್ಷ ಹಿಡಿಯಿತು.

ಈ ಉಪಕರಣದ ಮೂಲ ಸೊಗಸಾದದ್ದು. ಡೆನ್ಮಾರ್ಕಿನಿಂದ ಅಮೆರಿಕಕ್ಕೆ ವಲಸೆ ಹೋಗಿ ನೆಬ್ರಾಸ್ಕಾದ ಡಿ ವಿಟ್ ಎಂಬ ಊರಿನಲ್ಲಿ ಕಮ್ಮಾರಿಕೆ ಮಾಡುತ್ತಿದ್ದ ವಿಲಿಯಂ ಪೀಟರ್ಸನ್ 1924ರಲ್ಲಿ ಬೀಗ ಬೀಳುವ ಹಿಡಿಯ ಇಕ್ಕುಳಕ್ಕೆ ಪೇಟೆಂಟ್ ಪಡೆದರು. ಇಂದಿಗೂ ಅದರ ಎಲುಬು ಬದಲಾಗಿಲ್ಲ. ಚಲಿಸುವ ದವಡೆಗೆ ಚಲಿಸುವ ಹಿಡಿ ಪಿನ್ನಿನಿಂದ ಕೂಡಿಕೊಂಡಿರುತ್ತದೆ; ಆ ಹಿಡಿಯ ನಡುವಿನಿಂದ ಹೊರಟ ಲಿಂಕ್, ಅಂದರೆ ಕೊಂಡಿ, ಸ್ಥಿರ ಹಿಡಿಯ ಬಾಲದಲ್ಲಿರುವ ಸ್ಕ್ರೂವಿನ ತುದಿಗೆ ಒರಗಿರುತ್ತದೆ. ಹಿಡಿಯನ್ನು ಅಮುಕಿದಂತೆ ಹಿಡಿ ಮತ್ತು ಕೊಂಡಿ ಒಂದೇ ಗೆರೆಗೆ ಬರುತ್ತವೆ, ಗೆರೆಯನ್ನು ತುಸು ದಾಟಿದ ಕೂಡಲೇ ಹಿಂದಿರುಗಲಾಗದೆ ನಿಲ್ಲುತ್ತವೆ. ನೇರವಾಗುತ್ತಾ ಹೋದಂತೆ ಸನ್ನೆಯ ಲಾಭ ಏರುತ್ತದೆ. ಹಾಗಿದ್ದ ಮೇಲೆ ಕೈ ಏಕೆ ನೋಯಬೇಕು ಎಂಬುದು ನನಗೆ ಮೊದಲು ಒಗಟಾಗಿಯೇ ಇತ್ತು.

ನನ್ನ ಮೊದಲ ಪರಿಹಾರ ಯಾರಿಗಾದರೂ ಹೊಳೆಯುವಂಥದ್ದು: ಹಿಡಿಯನ್ನು 40 ಮಿ.ಮೀ. ಉದ್ದ ಮಾಡಿದೆ. ಬೇಕಾದ ಬಲ ಕಡಿಮೆಯಾದದ್ದು ನಿಜ. ಆದರೆ ಹಿಡಿ ತಿರುಗಬೇಕಾದ ಕೋನ ಅಷ್ಟೇ ಉಳಿದುದರಿಂದ ಹಿಡಿಗಳ ತುದಿಯ ನಡುವಿನ ಅಂತರ ಇನ್ನಷ್ಟು ಅಗಲವಾಯಿತು. ನಮ್ಮ ಟೂಲ್‌ರೂಮಿನಲ್ಲಿ ಶೀಟ್‌ಮೆಟಲ್ ಜೋಡಣೆ ಮಾಡುವ ಹೆಣ್ಣುಮಗಳೊಬ್ಬಳು ಅದನ್ನು ಹಿಡಿದು ನೋಡಿದಾಗ ಅವಳ ಬೆರಳುಗಳ ತುದಿ ಮಾತ್ರ ಕೆಳಗಿನ ಹಿಡಿಗೆ ಎಟುಕುತ್ತಿತ್ತು. ಮನುಷ್ಯನ ಮುಷ್ಟಿ ಹೆಚ್ಚು ಬಲ ಕೊಡುವುದು ಹಿಡಿಗಳ ನಡುವೆ ಸುಮಾರು 50ರಿಂದ 60 ಮಿ.ಮೀ. ಅಂತರವಿದ್ದಾಗ, ನೂರರ ಹತ್ತಿರ ಹೋದರೆ ಬಲ ತೀರಾ ಕುಸಿಯುತ್ತದೆ. ಆಮೇಲೆ ಕೊಂಡಿಯ ಉದ್ದ ಬದಲಿಸಿದೆ, ಪಿನ್ನಿನ ಜಾಗ ಸರಿಸಿದೆ. ಪ್ರತಿ ಸಲವೂ ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಕಳೆದುಕೊಂಡೆ. ಶ್ರಮ ಕಡಿಮೆಯಾಗುತ್ತಿರಲಿಲ್ಲ, ಅದನ್ನು ಅಲ್ಲಿಂದ ಇಲ್ಲಿಗೆ ಹಂಚುತ್ತಿದ್ದೆ, ಅಷ್ಟೆ.

ಊಹೆ ಬಿಟ್ಟು ಅಳೆಯಬೇಕು ಎಂದು ಆಗ ತೀರ್ಮಾನಿಸಿದೆ. ಸ್ಥಿರ ಹಿಡಿಯನ್ನು ಬೆಂಚ್ ವೈಸಿನಲ್ಲಿ ಕಟ್ಟಿ, ಚಲಿಸುವ ಹಿಡಿಗೆ ಪಿನ್ನಿನಿಂದ 95 ಮಿ.ಮೀ. ದೂರದಲ್ಲಿ ಲಗೇಜ್ ತೂಗುವ ಡಿಜಿಟಲ್ ತಕ್ಕಡಿಯ ಕೊಕ್ಕೆ ಹಾಕಿ ಎಳೆಯುತ್ತಿದ್ದೆ. ದವಡೆಯ ಬಲ ಅಳೆಯಲು ‘ಸಿ’ ಆಕಾರದ ಉಕ್ಕಿನ ಬಳೆಯೊಂದನ್ನು ಮಾಡಿ, ಅದರ ಬಾಯಿಗೆ ಡಯಲ್ ಗೇಜ್, ಅಂದರೆ ಕೂದಲೆಳೆಯಷ್ಟು ಚಲನೆಯನ್ನೂ ಮುಳ್ಳಿನಿಂದ ತೋರಿಸುವ ಮಾಪಕ, ಕೂರಿಸಿದೆ. ಒಂದಕ್ಕೆ ಹತ್ತರ ಸನ್ನೆಗೆ ಮರಳಿನ ಚೀಲ ತೂಗುಹಾಕಿ ಎಷ್ಟು ಭಾರಕ್ಕೆ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ಗುರುತು ಮಾಡಿಕೊಂಡೆ. ಇಲ್ಲಿ ನಾನು ಎಡವಿದ್ದನ್ನು ಹೇಳಲೇಬೇಕು. ಮುಳ್ಳು ಚೆನ್ನಾಗಿ ಓಡಲಿ ಎಂದು ಬಳೆಯನ್ನು ತೆಳ್ಳಗೆ ಮಾಡಿದ್ದೆ. ಆ ಬಳೆಯನ್ನು ಕಚ್ಚಿದಾಗ ಕೈಗೆ ತಗಲುವ ಬಲ, ಗಟ್ಟಿ ಪಟ್ಟಿಯನ್ನು ಕಚ್ಚಿದಾಗಿನದಕ್ಕಿಂತ ಬಹಳ ಹೆಚ್ಚು ಬರುತ್ತಿತ್ತು. ಪ್ಲೈಯರ್ ಅದೇ, ದವಡೆಯ ಬಲವೂ ಅದೇ. ಹಾಗಾದರೆ ಹೆಚ್ಚಿನ ಶ್ರಮ ಎಲ್ಲಿಗೆ ಹೋಯಿತು? ಬಳೆಯನ್ನು ಬಾಗಿಸಲು ಹೋಯಿತು.

ಕಣ್ಣು ತೆರೆಸಿದ್ದು ಆ ತಪ್ಪು ಬಳೆಯೇ. ಬಳೆ ಬಾಗಲು ಶ್ರಮ ತಿನ್ನುವುದಾದರೆ ಪ್ಲೈಯರ್ ತಾನೇ ಬಾಗುವಾಗಲೂ ತಿನ್ನಬೇಕಲ್ಲ. ಲಾಕಿಂಗ್ ಪ್ಲೈಯರಿನ ಹಿಡಿತವೆಂದರೆ ಬಾಗಿದ ಉಕ್ಕು ಮತ್ತೆ ನೆಟ್ಟಗಾಗಲು ಹವಣಿಸುವ ಬಲವೇ ಹೊರತು ಬೇರೇನಲ್ಲ. ಬಿಗಿಯುವಾಗ ನಮ್ಮ ಕೈ ಒಂದು ಗಡುಸಾದ ಸ್ಪ್ರಿಂಗನ್ನು ಅದುಮುತ್ತಿರುತ್ತದೆ. ಒಂದೇ ಬಲಕ್ಕೆ ಆ ಸ್ಪ್ರಿಂಗ್ ಅರ್ಧದಷ್ಟೇ ಬಾಗುವಂತಾದರೆ ಕೈ ಮಾಡಬೇಕಾದ ಕೆಲಸವೂ ಅರ್ಧಕ್ಕಿಳಿಯುತ್ತದೆ. ಲೆಕ್ಕ ಹಾಕಿದಾಗ ಇನ್ನೊಂದು ಸಂಗತಿಯೂ ತಿಳಿಯಿತು: ಕೈಗೆ ಅತಿ ಹೆಚ್ಚು ಭಾರ ಬೀಳುವುದು ಎಲ್ಲರೂ ಅಂದುಕೊಳ್ಳುವಂತೆ ‘ಟಕ್’ ಎಂದು ಬೀಗ ಬೀಳುವ ಗಳಿಗೆಯಲ್ಲಲ್ಲ, ದವಡೆ ವಸ್ತುವನ್ನು ಮುಟ್ಟಿದಾಗ ಹಿಡಿ ಬೀಗದ ನೇರ ಗೆರೆಯಿಂದ ಓರೆಯಾಗಿದ್ದ ಕೋನ ಅದರ ಶೇ. 58ರಷ್ಟಕ್ಕೆ ಇಳಿದಾಗ. ಉಪಕರಣ ಬಿಗುವಾಗಿದ್ದಷ್ಟೂ, ಅಂದರೆ ಕಡಿಮೆ ಬಾಗಿದಷ್ಟೂ, ಮುಟ್ಟುವ ಕೋನ ಚಿಕ್ಕದಾಗುತ್ತದೆ, ಭಾರದ ಶಿಖರ ಹಿಡಿಗಳು ಇನ್ನೂ ಹತ್ತಿರ ಬಂದ ಮೇಲೆ ಎದುರಾಗುತ್ತದೆ; ಅಂದರೆ ಮುಷ್ಟಿ ಬಲವಾಗಿರುವ ಜಾಗದಲ್ಲೇ ಎದುರಾಗುತ್ತದೆ.

ದಪ್ಪ ಬಳೆ ಮಾಡಿ ಮತ್ತೆ ಅಳೆದೆ. ಶೆಡ್ಡಿನ ಹಳೆಯ ಪ್ಲೈಯರ್ ದವಡೆಯ ತುದಿಯಲ್ಲಿ 250 ಕೆ.ಜಿ. ಹಿಡಿತ ಕೊಡಬೇಕಾದರೆ ಕೈ 24 ಕೆ.ಜಿ.ಯಷ್ಟು ಎಳೆಯಬೇಕಿತ್ತು, ಅಷ್ಟರಲ್ಲಿ ಉಪಕರಣದ ಬಾಗುವಿಕೆಯೆಲ್ಲ ಸೇರಿ ದವಡೆಯ ಬಳಿ 1.6 ಮಿ.ಮೀ. ಆಗುತ್ತಿತ್ತು. ಡಯಲ್ ಗೇಜನ್ನು ಒಂದೊಂದೇ ಜಾಗಕ್ಕೆ ತಾಗಿಸುತ್ತಾ ಹೋದಾಗ ದೊಡ್ಡ ಅಪರಾಧಿ ಸ್ಥಿರ ಹಿಡಿಯೇ ಎಂದು ತಿಳಿಯಿತು. ಅದೊಂದರ ಪಾಲೇ 0.7 ಮಿ.ಮೀ. ಆ ಹಿಡಿ ತಗಡನ್ನು ‘ಯು’ ಆಕಾರಕ್ಕೆ ಮಡಿಸಿ ಮಾಡಿದ್ದು. ಭಾರ ಬಿದ್ದಾಗ ಅದು ಬಿಲ್ಲಿನಂತೆ ಬಾಗುವುದಲ್ಲದೆ ಅದರ ಎರಡು ಗೋಡೆಗಳೂ ಹೊರಕ್ಕೆ ಹಿಗ್ಗುತ್ತಿದ್ದವು. ಉಳಿದದ್ದು ಚಲಿಸುವ ಹಿಡಿ, ಪಿನ್ನಿನ ತೂತುಗಳು ಮತ್ತು ಸ್ಕ್ರೂ ತುದಿ ಕೊಂಡಿಗೆ ತಾಗುವ ಜಾಗದಲ್ಲಿ ಚೂರುಚೂರಾಗಿ ಹಂಚಿಹೋಗಿತ್ತು.

ತಗಡಿನ ದಪ್ಪ ಹೆಚ್ಚಿಸುವ ಬದಲು ನಾನು ಹಿಡಿಯ ಗೋಡೆಯ ಎತ್ತರವನ್ನು 18ರಿಂದ 22 ಮಿ.ಮೀ.ಗೆ ಏರಿಸಿದೆ. ದಪ್ಪ ಹೆಚ್ಚಿಸಿದರೆ ಬಿಗುವು ಅದೇ ಪ್ರಮಾಣದಲ್ಲಿ ಮಾತ್ರ ಹೆಚ್ಚುತ್ತದೆ, ಎತ್ತರಕ್ಕಾದರೆ ಅದರ ಘನದ ಪ್ರಮಾಣದಲ್ಲಿ. ನಾಲ್ಕು ಮಿಲಿಮೀಟರಿಗೆ ಶೇ. 80ರಷ್ಟು ಲಾಭ ಸಿಕ್ಕಿತು. ಗೋಡೆಗಳು ಹಿಗ್ಗದಂತೆ ನಡುವೆ ಒಂದು ಸ್ಪೇಸರ್ ಇಟ್ಟು ಅಡ್ಡ ರಿವೆಟ್ ಹೊಡೆದೆ. ಪಂಚ್ ಮಾಡಿದ ತೂತಿನಲ್ಲಿ ಸಡಿಲವಾಗಿ ಕೂತಿದ್ದ 7 ಮಿ.ಮೀ. ರಿವೆಟ್ ತೆಗೆದು, ರೀಮರ್ ಹೊಡೆದು ನಿಖರ ಅಳತೆಗೆ ತಂದ ತೂತಿಗೆ 6 ಮಿ.ಮೀ. ಹಾರ್ಡನ್ ಮಾಡಿದ (ಕಾಯಿಸಿ ಗಡುಸು ಮಾಡಿದ) ಡೋವೆಲ್ ಪಿನ್ ಹಾಕಿ ಗ್ರೀಸ್ ಸವರಿದೆ. ಪಿನ್ನನ್ನು ಸಣ್ಣದು ಮಾಡಿದ್ದೇಕೆಂದು ಹಲವರು ಕೇಳಿದ್ದಾರೆ. ಕೊಂಡಿ ನೇರವಾಗುವ ಹೊತ್ತಿಗೆ ಹಿಡಿಯ ಪಿನ್ನಿಗೂ ಕೊಂಡಿಯ ಬಲದ ಗೆರೆಗೂ ನಡುವಿನ ಅಂತರ ನಾಲ್ಕು ಮಿಲಿಮೀಟರಿನಷ್ಟೇ ಉಳಿದಿರುತ್ತದೆ. ಒಣಗಿದ ಎರಡು ದಪ್ಪ ಪಿನ್ನುಗಳ ಘರ್ಷಣೆ ಅದಕ್ಕೆ ಇನ್ನೊಂದು ಮಿಲಿಮೀಟರ್ ಕೂಡಿಸಿದಂತೆ ಕೆಲಸ ಮಾಡುತ್ತದೆ, ಅಂದರೆ ಕೈಯ ಭಾರಕ್ಕೆ ಕಾಲು ಪಾಲು ಸೇರಿಕೊಳ್ಳುತ್ತದೆ. ಪಿನ್ ಸಣ್ಣದಾದಷ್ಟೂ ಘರ್ಷಣೆಯ ತೋಳು ಚಿಕ್ಕದಾಗುತ್ತದೆ, ಮತ್ತು ಈ ಬಲಕ್ಕೆ 6 ಮಿ.ಮೀ. ಪಿನ್ ತುಂಡಾಗುವ ಮಾತೇ ಇಲ್ಲ.

ತುಂಡಾದದ್ದು ದವಡೆ. ಇಎನ್-19 ಎಂಬ ಮಿಶ್ರಲೋಹದ ಉಕ್ಕಿನಲ್ಲಿ ವೈರ್‌ಕಟ್ (ವಿದ್ಯುತ್ ತಂತಿಯಿಂದ ಕತ್ತರಿಸುವ ವಿಧಾನ) ಮಾಡಿಸಿದ ಮೊದಲ ಜೋಡಿಯನ್ನು ಹಾರ್ಡನಿಂಗಿಗೆ ಕೊಡುವಾಗ ಡ್ರಾಯಿಂಗಿನಲ್ಲಿ ಟೆಂಪರಿಂಗ್, ಅಂದರೆ ಗಡುಸಾದ ಉಕ್ಕನ್ನು ಮತ್ತೆ ಹದವಾಗಿ ಕಾಯಿಸಿ ಪೆಡಸುತನ ತಗ್ಗಿಸುವುದು, ಬರೆಯುವುದನ್ನೇ ಮರೆತಿದ್ದೆ. ಅವರು ಬರೆದಷ್ಟನ್ನು ಮಾಡಿ ಕೊಟ್ಟರು. ಮೂರನೆಯ ಹಿಡಿತಕ್ಕೆ ತುದಿ ಗಾಜಿನಂತೆ ಸಿಡಿದು ಗೋಡೆಗೆ ಬಡಿಯಿತು. ಅಂದಿನಿಂದ ಪರೀಕ್ಷೆಯ ಬೆಂಚಿನ ಮುಂದೆ ಪಾಲಿಕಾರ್ಬೊನೇಟ್ ಹಾಳೆ ಕಟ್ಟಿದ್ದೇನೆ.

ಎಲ್ಲ ಸೇರಿ ಬಾಗುವಿಕೆ 0.85 ಮಿ.ಮೀ.ಗೆ ಇಳಿಯಿತು, ಅದೇ 250 ಕೆ.ಜಿ. ಹಿಡಿತಕ್ಕೆ ಕೈಯ ಭಾರ 15 ಕೆ.ಜಿ.ಗೆ ಬಂತು. ಸಂತೋಷದಿಂದ ಶೆಡ್ಡಿಗೆ ಕೊಂಡೊಯ್ದೆ. ಒಂದು ವಾರದ ನಂತರ ಆ ಹಿರಿಯರು ಹೇಳಿದ್ದು ಇಷ್ಟು: “ಸಾರ್, ಹಿಡಿಯೋಕೆ ಹಗುರ ಆಗಿದೆ. ಬಿಡಿಸೋಕೆ ಮಾತ್ರ ಹಳೇದೇ ವಾಸಿ.”

ಅವರ ಮಾತು ಸರಿಯಾಗಿತ್ತು. ಬಿಡಿಸುವ ಸನ್ನೆ ಈ ಉಪಕರಣಕ್ಕೆ ಸೇರಿದ್ದೇ 1957ರಲ್ಲಿ. ಅದರ ಬಾಲ ಒತ್ತಿದರೆ ಮೂಗು ಕೊಂಡಿಯನ್ನು ತಳ್ಳಿ ಮಧ್ಯರೇಖೆಯಿಂದ ಈಚೆಗೆ ತರುತ್ತದೆ. ಕೊಂಡಿ ಗೆರೆ ದಾಟಿ ಎಷ್ಟು ಆಳಕ್ಕೆ ಕೂತಿರುತ್ತದೋ ಅಷ್ಟನ್ನೂ ಏರಿಸಬೇಕು, ಏರಿಸುವಾಗ ಬಿಗುವಾದ ಪ್ಲೈಯರಿನಲ್ಲಿ ಬಲ ಬೇಗ ಹೆಚ್ಚುತ್ತದೆ. ಹಳೆಯದರಿಂದ ನಕಲು ಮಾಡಿದ ಆ ಆಳ 1.8 ಮಿ.ಮೀ. ಇತ್ತು. ಅದನ್ನು ಒಂದಕ್ಕೆ ಇಳಿಸಿದೆ. ಬಿಡಿಸುವುದು ಹೂ ಎತ್ತಿದಷ್ಟು ಸುಲಭವಾಯಿತು, ಆದರೆ ಕಚ್ಚಿಸಿಟ್ಟ ಆಂಗಲ್ (‘ಎಲ್’ ಆಕಾರದ ಕಬ್ಬಿಣದ ಪಟ್ಟಿ) ಮೇಲೆ ಗ್ರೈಂಡರ್ ಓಡುತ್ತಿದ್ದಾಗ ಅದುರಿಕೆಗೆ ಬೀಗ ತಾನಾಗಿ ತೆರೆದುಕೊಂಡಿತು. ಯಾರ ಕಾಲ ಮೇಲೂ ಬೀಳಲಿಲ್ಲವೆಂಬುದು ಪುಣ್ಯ. ಕೊನೆಗೆ 1.3 ಮಿ.ಮೀ.ಗೆ ನಿಲ್ಲಿಸಿ, ಸನ್ನೆಯ ಬಾಲವನ್ನು 12 ಮಿ.ಮೀ. ಉದ್ದ ಮಾಡಿದೆ. ನಿರೀಕ್ಷಿಸದ ಲಾಭವೊಂದು ಇಲ್ಲಿ ದೊರೆಯಿತು: ಒಳಗೆ ಕೂಡಿಟ್ಟ ಶಕ್ತಿ ಅರ್ಧಕ್ಕೆ ಇಳಿದಿದ್ದರಿಂದ, ಬಿಟ್ಟಾಗ ಹಿಡಿ ಅಂಗೈಗೆ ಹೊಡೆಯುವ ಏಟೂ ತಗ್ಗಿತು. ಹೆಬ್ಬೆರಳಿನ ಬುಡದ ನೋವಿಗೆ ಬಿಗಿಯುವ ಶ್ರಮಕ್ಕಿಂತ ಆ ಏಟಿನ ಪಾಲೇ ದೊಡ್ಡದಿತ್ತೇನೋ ಎಂದು ನನಗೀಗ ಅನ್ನಿಸುತ್ತದೆ.

ಬಿಗುವಿಗೆ ತೆರಬೇಕಾದ ಬೆಲೆಯೂ ಇದೆ. ಹಳೆಯ ಪ್ಲೈಯರಿನಲ್ಲಿ ಸ್ಕ್ರೂ ಸ್ವಲ್ಪ ಹೆಚ್ಚುಕಮ್ಮಿಯಾದರೆ ಉಕ್ಕಿನ ಬಾಗುವಿಕೆಯೇ ಅದನ್ನು ಸಹಿಸಿಕೊಳ್ಳುತ್ತಿತ್ತು. ಹೊಸದರಲ್ಲಿ ಕಾಲು ಸುತ್ತು ಹೆಚ್ಚಾದರೆ ಹಿಡಿ ಕೂರುವುದೇ ಇಲ್ಲ, ಕಡಿಮೆಯಾದರೆ ಪಟ್ಟಿ ಜಾರುತ್ತದೆ. ಇದಕ್ಕಾಗಿ ಒಂದು ಸುತ್ತಿಗೆ 1.5 ಮಿ.ಮೀ. ಸರಿಯುವ, ಅಂದರೆ 1.5 ಮಿ.ಮೀ. ಪಿಚ್ಚಿನ ಎಂ-10 (10 ಮಿ.ಮೀ. ವ್ಯಾಸದ) ಸ್ಕ್ರೂ ಬದಲು 1 ಮಿ.ಮೀ. ಪಿಚ್ಚಿನ ಸಣ್ಣ ಮರೆಯದನ್ನು ಹಾಕಿ, ಗ್ಲೌಸ್ ತೊಟ್ಟ ಕೈಗೂ ಸಿಗುವಂತೆ ಅದರ ತಲೆಯನ್ನು ದಪ್ಪ ಮಾಡಿ, ಜಾರದಂತೆ ನರ್ಲಿಂಗ್ (ಒರಟು ಗೀರು) ಹೊಡೆಸಿದ್ದೇನೆ. ಆದರೂ 3 ಮಿ.ಮೀ. ಪಟ್ಟಿಯಿಂದ 6 ಮಿ.ಮೀ. ಪಟ್ಟಿಗೆ ಬದಲಾದಾಗಲೆಲ್ಲ ಅದನ್ನು ತಿರುಗಿಸಿ ಹೊಂದಿಸುವುದು ಬೇಸರದ ಕೆಲಸ. ದಪ್ಪಕ್ಕೆ ತಾನೇ ಹೊಂದಿಕೊಳ್ಳುವ ವ್ಯವಸ್ಥೆ ಸೇರಿಸಿ ನೋಡಿದೆ. ಅದರ ಜಾರುವ ಭಾಗಗಳೇ ಮತ್ತೆ ಬಾಗುವಿಕೆ ತಂದಿಟ್ಟವು, ಹಾಗಾಗಿ ಕೈಬಿಟ್ಟೆ. ಶೆಡ್ಡಿನ ಹಿರಿಯರು ತಮ್ಮದೇ ದಾರಿ ಕಂಡುಕೊಂಡಿದ್ದಾರೆ: ನನ್ನಿಂದ ಎರಡು ಪ್ಲೈಯರ್ ಕೇಳಿ ಪಡೆದು, ಒಂದನ್ನು ಮೂರಕ್ಕೆ, ಇನ್ನೊಂದನ್ನು ಆರಕ್ಕೆ ಹೊಂದಿಸಿ, ಆರರ ಹಿಡಿಗೆ ಕೆಂಪು ಇನ್ಸುಲೇಶನ್ ಟೇಪ್ ಸುತ್ತಿಟ್ಟುಕೊಂಡಿದ್ದಾರೆ.