ಪೆರ್ಲದ ಮನೆಯಲ್ಲಿ ಪಿಕಪ್‌ನ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಬಿಚ್ಚಿ ಕಟ್ಟಿದ್ದು

ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಇಂಜಿನ್ ಒಮ್ಮೆ ಸುಮ್ನೆ ರೇಸ್ ಆಗುತ್ತಿತ್ತು. ಅರೆಕ್ಷಣ ಎಳೆತವೇ ಇಲ್ಲ. ಆಮೇಲೆ ಧಡ್ ಅಂತ ಹಿಡಿಯುತ್ತಿತ್ತು. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ನಮ್ಮ ಊರು ಪೆರ್ಲಕ್ಕೆ ಬರುವಾಗ ಒಂದು ಏರಿನಲ್ಲಿ ಇದು ಮೊದಲ ಸಲ ಗೊತ್ತಾಯಿತು. ಒಂದು ವಾರದಲ್ಲಿ ರಿವರ್ಸ್ ಕೂಡ ತಡವಾಗತೊಡಗಿತು. ಲಿವರ್ ಎಳೆದು ಎರಡು ಸೆಕೆಂಡ್ ಕಾದ ಮೇಲೆ ಗಾಡಿ ಹಿಂದೆ ಬರುತ್ತಿತ್ತು.

ಗಾಡಿ ಒಂದು ಡಬಲ್ ಕ್ಯಾಬ್ ಪಿಕಪ್. ಡೀಸೆಲ್, ಆರು ಸ್ಪೀಡಿನ ಆಟೋಮ್ಯಾಟಿಕ್. ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್, ಆಗಲೇ 1,10,000 ಕಿ.ಮೀ. ಓಡಿತ್ತು. ಅಷ್ಟು ದಿನದಲ್ಲಿ ಗೇರ್ ಬಾಕ್ಸಿನ ಆಯಿಲ್ ಒಮ್ಮೆಯೂ ಬದಲಾಗಿರಲಿಲ್ಲ. ಆಮೇಲೆ ನಾನೂ ಒಂದು ತಪ್ಪು ಮಾಡಿದೆ. ಮನೆಯ ಕಂಪೌಂಡಿಗೆ ಬೇಕಾದ ಕೆಂಪುಕಲ್ಲನ್ನು ಅದರಲ್ಲೇ ತಂದೆ. ನಮ್ಮ ಮನೆ ಇರುವುದು ಗುಡ್ಡದ ಮೇಲೆ. ಲೋಡ್ ಹಾಕಿಕೊಂಡು ಆಮೆಯ ಹಾಗೆ ಹತ್ತುವಾಗ ಟಾರ್ಕ್ ಕನ್ವರ್ಟರ್, ಅಂದರೆ ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್ ಬಾಕ್ಸಿಗೆ ದಾಟಿಸುವ ಭಾಗ, ಲಾಕ್ ಆಗುವುದಿಲ್ಲ. ಒಳಗೆ ಆಯಿಲ್ ಕಡೆಯುತ್ತಲೇ ಇರುತ್ತದೆ. ಇಂಜಿನ್ ಕೊಡುವ ಶಕ್ತಿಯಲ್ಲಿ ದೊಡ್ಡ ಪಾಲು ಬಿಸಿಯಾಗಿ ಆಯಿಲ್‌ಗೆ ಇಳಿಯುತ್ತದೆ. ಹಳೆಯ ಆಯಿಲ್, ಮೇಲಿಂದ ಈ ಬಿಸಿ.

ನಾನು 12 ವರ್ಷ ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗೇರ್ ಬಾಕ್ಸ್ ಕೆಲಸ ಮಾಡಿದವನು. ಮರಳಿನಲ್ಲಿ ಓಡಿಸಿ ಸುಟ್ಟ ಪಿಕಪ್‌ಗಳು ಅಲ್ಲಿಗೆ ಬರುತ್ತಲೇ ಇದ್ದವು. ಅಲ್ಲಿ ಲಿಫ್ಟ್ ಇತ್ತು, ಏಸಿ ರೂಮ್ ಇತ್ತು, ಬೇಕಾದ ಟೂಲ್ ಎಲ್ಲ ಕೈಗೆ ಸಿಗುತ್ತಿತ್ತು. ಇಲ್ಲಿ ಇರುವುದು ಅಡಿಕೆ ಸುಲಿಯುವ ಶೆಡ್. ಊರಿನಲ್ಲಿ ಕೇಳಿದಲ್ಲೆಲ್ಲ ಇಡೀ ಬಾಕ್ಸ್ ಬದಲಿಸಿ ಅಂದರು. ಆ ಹಣದಲ್ಲಿ ಇನ್ನೊಂದು ಹಳೇ ಜೀಪು ಬರುತ್ತದೆ. ಹಾಗಾಗಿ ಮನೆಯಲ್ಲೇ ಮಾಡುವುದು ಅಂತ ತೀರ್ಮಾನಿಸಿದೆ.

ಬೋಲ್ಟಿಗೆ ಕೈ ಹಾಕುವ ಮೊದಲು ಎರಡು ದಿನ ಪರೀಕ್ಷೆಗೇ ಕೊಟ್ಟೆ. ಈ ಹಂತ ಬಿಡಲೇಬೇಡಿ. ಬಾಕ್ಸ್ ಬಿಚ್ಚಿ ಮೇಜಿನ ಮೇಲೆ ಇಟ್ಟ ಮೇಲೆ ಅದು ಮಾತಾಡುವುದಿಲ್ಲ, ಗಾಡಿಯಲ್ಲಿ ಇರುವಾಗಲೇ ಕೇಳಬೇಕು. ಗೇರ್ ಬಾಕ್ಸಿನ ಪಕ್ಕದ ಪ್ಲಗ್ ತೆಗೆದು ಪ್ರೆಶರ್ ಗೇಜ್ ಹಾಕಿದೆ. ತಣ್ಣಗಿರುವಾಗ ಪ್ರೆಶರ್ ಸರಿ ಇತ್ತು. ಅರ್ಧ ಗಂಟೆ ಓಡಿಸಿ ಬಂದು ನೋಡಿದರೆ ಮುಳ್ಳು ಕೆಳಗಿಳಿದಿತ್ತು. ಆಯಿಲ್ ಬಿಸಿಯಾಗಿ ತೆಳುವಾದ ಮೇಲೆ ಎಲ್ಲೋ ಒಳಗೆ ಸೋರುತ್ತಿದೆ ಅಂತ ಅರ್ಥ.

ಮೂರನೇ ಗೇರು, ರಿವರ್ಸ್ ಎರಡೇ ಯಾಕೆ ಹಾಳಾಯಿತು ಅನ್ನುವುದಕ್ಕೂ ಉತ್ತರ ಇದೆ. ಈ ಬಗೆಯ ಆರು ಸ್ಪೀಡ್ ಬಾಕ್ಸಿನ ಜೋಡಣೆ ಫ್ರಾನ್ಸಿನ ಪಿಯೆರ್ ಲೆಪೆಲೆಟಿಯೆ ಎಂಬ ಇಂಜಿನಿಯರ್ ರೂಪಿಸಿದ್ದು. ಒಳಗೆ ಮೂರು ಕ್ಲಚ್, ಎರಡು ಬ್ರೇಕ್. ಕ್ಲಚ್ ಎರಡು ತಿರುಗುವ ಭಾಗಗಳನ್ನು ಸೇರಿಸಿ ಹಿಡಿಯುತ್ತದೆ, ಬ್ರೇಕ್ ಒಂದು ಭಾಗವನ್ನು ತಿರುಗದಂತೆ ಹಿಡಿಯುತ್ತದೆ. ಅಷ್ಟರಿಂದಲೇ ಆರು ಗೇರು ಮತ್ತು ರಿವರ್ಸ್ ಬರುತ್ತದೆ. ಒಂದೊಂದು ಗೇರಿಗೂ ಇವುಗಳಲ್ಲಿ ಎರಡೆರಡು ಸೇರಿ ಹಿಡಿಯಬೇಕು. ಮೂರು, ಐದು ಮತ್ತು ರಿವರ್ಸ್, ಈ ಮೂರಕ್ಕೂ ಬೇಕಾದದ್ದು ಒಂದೇ ಕ್ಲಚ್. ಐದಕ್ಕೆ ಹೋಗುವಾಗ ಗಮನ ಕೊಟ್ಟು ನೋಡಿದೆ. ಅಲ್ಲೂ ಸಣ್ಣದಾಗಿ ಜಾರುತ್ತಿತ್ತು. ಯಾವ ಕ್ಲಚ್ಚಿನ ಡ್ರಮ್ಮಿನಲ್ಲಿ ಏಟು ಬಿದ್ದಿದೆ ಅಂತ ಬಿಚ್ಚುವ ಮೊದಲೇ ಗೊತ್ತಾಯಿತು.

ಇಳಿಸುವ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಬೇರೆ ಮಾಡಿ, ಚೈನ್ ಬ್ಲಾಕ್ ಮತ್ತು ಟ್ರಾಲಿ ಜಾಕ್ ಇಟ್ಟುಕೊಂಡು ನಿಧಾನಕ್ಕೆ ಇಳಿಸಿದೆವು. ಜೊತೆಗೆ ಅಕ್ಕನ ಮಗ ಇದ್ದ. ಐಟಿಐ ಮುಗಿಸಿದ ಹುಡುಗ, ಕೈ ಚುರುಕು.

ಬಿಚ್ಚಿ ನೋಡಿದಾಗ ಆ ಕ್ಲಚ್ಚಿನ ಫ್ರಿಕ್ಷನ್ ಪ್ಲೇಟುಗಳು, ಅಂದರೆ ಉಜ್ಜಿ ಹಿಡಿಯುವ ಬಿಲ್ಲೆಗಳು, ಕರಿ ಇದ್ದಿಲಾಗಿದ್ದವು. ಸ್ಟೀಲ್ ಪ್ಲೇಟುಗಳ ಮೇಲೆ ನೀಲಿ ಕಲೆ. ಉಳಿದ ಎರಡು ಕ್ಲಚ್ ಚೆನ್ನಾಗಿಯೇ ಇದ್ದವು.

"ಮಾವಾ, ಹೊಸ ಪ್ಲೇಟ್ ಹಾಕಿದ್ರೆ ಮುಗೀತಲ್ವಾ?" ಅಂದ ಹುಡುಗ.

"ಪ್ಲೇಟ್ ಯಾಕೆ ಸುಟ್ಟಿತು ಅಂತ ಸಿಗುವವರೆಗೆ ಮುಗಿಯುವುದಿಲ್ಲ ಮಾರಾಯ" ಅಂದೆ.

ಶಾರ್ಜಾದಲ್ಲಿ ಕಲಿಯುವ ಸಮಯದಲ್ಲಿ ನಾನೇ ಒಂದು ಬಾಕ್ಸಿಗೆ ಬರೀ ಪ್ಲೇಟ್ ಹಾಕಿ ಕೊಟ್ಟಿದ್ದೆ. ಒಂದೇ ತಿಂಗಳಲ್ಲಿ ಅದು ಟೋ ಮಾಡಿಸಿಕೊಂಡು ವಾಪಸ್ ಬಂತು. ಆ ಗಾಡಿಯವನ ಮುಖ ಇವತ್ತಿಗೂ ನೆನಪಿದೆ. ಕ್ಲಚ್ ತಾನಾಗಿ ಸುಡುವುದಿಲ್ಲ. ಅದನ್ನು ಒತ್ತಿ ಹಿಡಿಯುವ ಆಯಿಲ್ ಪ್ರೆಶರ್ ಕಡಿಮೆಯಾದಾಗ ಜಾರುತ್ತದೆ, ಜಾರಿದ್ದಕ್ಕೆ ಸುಡುತ್ತದೆ.

ಕಾರಣ ಎರಡು ಕಡೆ ಸಿಕ್ಕಿತು. ಒಂದು, ಕ್ಲಚ್ ಒತ್ತುವ ಪಿಸ್ಟನ್ನಿನ ರಬ್ಬರ್ ಅಂಚು. ಬಿಸಿಗೆ ಅದು ಒಣಗಿದ ಅಡಿಕೆ ಹಾಳೆಯ ಹಾಗೆ ಗಡುಸಾಗಿತ್ತು. ಎರಡನೆಯದು ವಾಲ್ವ್ ಬಾಡಿ, ಆಯಿಲನ್ನು ಬೇಕಾದ ಕ್ಲಚ್ಚಿಗೆ ಹಂಚುವ ಭಾಗ. ಅಲ್ಯೂಮಿನಿಯಂ ತೂತಿನ ಒಳಗೆ ಪ್ರೆಶರ್ ರೆಗ್ಯುಲೇಟರ್ ವಾಲ್ವ್ ಹಿಂದೆ ಮುಂದೆ ಓಡಾಡಿ, ಓಡಾಡಿ ತೂತಿನ ಒಂದು ಬದಿ ಸವೆದಿತ್ತು. ಕಣ್ಣಿಗೆ ಕಾಣುವುದಿಲ್ಲ. ತೂತಿಗೆ ಆಯಿಲ್ ಸವರಿ, ವಾಲ್ವ್ ಕೂರಿಸಿ, ಗಾಳಿ ಬಿಟ್ಟೆ. ಆ ಬದಿಯಲ್ಲಿ ಗುಳ್ಳೆ ಬಂತು. ಬಿಸಿ ಆಯಿಲ್ ಅಲ್ಲೇ ನುಸುಳುತ್ತಿತ್ತು.

ಬಾಕ್ಸನ್ನು ಗಟ್ಟಿ ಮಾಡುವುದು ಅಂದರೆ ನನ್ನ ಪ್ರಕಾರ ಮೊದಲು ಇದನ್ನು ಸರಿಮಾಡುವುದು. ಶಾರ್ಜಾದಲ್ಲಿರುವ ಸ್ನೇಹಿತ ಊರಿಗೆ ಬರುವಾಗ ಸಾಮಾನು ತಂದ. ಪ್ಲೇಟುಗಳ ಸೆಟ್, ಪಿಸ್ಟನ್, ಸೀಲ್ ಕಿಟ್, ಜೊತೆಗೆ ಸ್ವಲ್ಪ ದಪ್ಪದ ವಾಲ್ವ್ ಮತ್ತು ಅದಕ್ಕೆ ತಕ್ಕ ಹಾಗೆ ತೂತು ಹಿಗ್ಗಿಸುವ ರೀಮರ್, ಅದನ್ನು ನೇರ ಹಿಡಿಯುವ ಜಿಗ್. ರೀಮರನ್ನು ಡ್ರಿಲ್ಲಿಗೆ ಹಾಕಬೇಡಿ. ಆಯಿಲ್ ಹಾಕುತ್ತಾ ಕೈಯಲ್ಲೇ ತಿರುಗಿಸಬೇಕು. ಹೊರಗೆ ತೆಗೆಯುವಾಗಲೂ ಅದೇ ದಿಕ್ಕಿಗೆ ತಿರುಗಿಸುತ್ತಾ ತೆಗೆಯಬೇಕು. ಒಂದೇ ತೂತಿಗೆ ನನಗೆ ಒಂದು ಗಂಟೆ ಹಿಡಿಯಿತು. ಕೊನೆಗೆ ಹೊಸ ವಾಲ್ವ್ ತನ್ನ ತೂಕಕ್ಕೇ ಮೆಲ್ಲಗೆ ಜಾರಿ ಕೆಳಗಿಳಿಯಿತು. ಹಾಗೇ ಇರಬೇಕು.

ಇನ್ನೊಂದು ಫ್ರಿಕ್ಷನ್ ಪ್ಲೇಟ್ ಜಾಸ್ತಿ ತುರುಕಿದರೆ ಗಟ್ಟಿಯಾಗುತ್ತದೆ ಅಂತ ಹಲವರು ಹೇಳುತ್ತಾರೆ. ಡ್ರಮ್ಮಿನಲ್ಲಿ ಜಾಗ ಅಷ್ಟೇ ಇರುವುದರಿಂದ ಅದಕ್ಕೆ ತೆಳು ಸ್ಟೀಲ್ ಪ್ಲೇಟ್ ಹಾಕಬೇಕಾಗುತ್ತದೆ. ಗೇರ್ ಬದಲಾಗುವ ಕ್ಷಣದಲ್ಲಿ ಹುಟ್ಟುವ ಬಿಸಿಯನ್ನು ಹೀರಿಕೊಳ್ಳುವುದೇ ಆ ಸ್ಟೀಲ್. ಅದು ತೆಳುವಾದರೆ ಬೇಗ ಕಾಯುತ್ತದೆ. ನಮ್ಮದು ರೇಸಿನ ಗಾಡಿ ಅಲ್ಲ, ಏರಿನಲ್ಲಿ ಲೋಡ್ ಎಳೆಯುವ ಗಾಡಿ. ನಾನು ಕಂಪನಿಯ ಅಳತೆಯ ದಪ್ಪ ಸ್ಟೀಲನ್ನೇ ಇಟ್ಟುಕೊಂಡೆ. ನಾಲ್ಕೇ ಫ್ರಿಕ್ಷನ್, ಆದರೆ ಒಳ್ಳೆಯ ದರ್ಜೆಯದು.

ಕೆಲಸ ಮಾಡಿದ್ದು ಜುಲೈ ತಿಂಗಳಲ್ಲಿ. ಕಾಸರಗೋಡಿನ ಜುಲೈ ಅಂದರೆ ಗೊತ್ತಲ್ಲ. ಗೋಡೆಯೂ ಬೆವರುತ್ತದೆ. ಫ್ರಿಕ್ಷನ್ ಪ್ಲೇಟಿನ ಲೈನಿಂಗ್ ಕಾಗದದ ಜಾತಿಯದು, ನೀರು ತಾಗಿದರೆ ಅಂಟು ಬಿಟ್ಟು ಕಳಚುತ್ತದೆ. ಅದಕ್ಕೆ ಒಳಗಿನ ಜೋಡಣೆಯನ್ನೆಲ್ಲ ಶೆಡ್ ಬಿಟ್ಟು ಮನೆಯೊಳಗಿನ ಊಟದ ಮೇಜಿನ ಮೇಲೆ ಮಾಡಿದೆ. ಮನೆಯವಳು ಮೂರು ದಿನ ನೆಲದಲ್ಲೇ ಬಡಿಸಿದಳು, ಒಂದು ಮಾತು ಆಡಲಿಲ್ಲ. ಪ್ಲೇಟುಗಳನ್ನು ಡಬ್ಬಿ ಒಡೆದ ಕೂಡಲೇ ಎಟಿಎಫ್‌ನಲ್ಲಿ (ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಆಯಿಲ್) ಮುಳುಗಿಸಿ ಒಂದು ರಾತ್ರಿ ಬಿಟ್ಟೆ. ಕಂಪ್ರೆಸರಿನ ಟ್ಯಾಂಕಿನಲ್ಲಿ ಕೂತ ನೀರನ್ನು ದಿನಾ ಬೆಳಿಗ್ಗೆ ತೆಗೆದೆ.

ಹಳೇ ಬಟ್ಟೆ, ಕಾಟನ್ ವೇಸ್ಟ್ ಮೇಜಿನ ಹತ್ತಿರ ತರಲೇ ಇಲ್ಲ. ಒಂದು ಎಳೆ ನೂಲು ಸಾಕು, ವಾಲ್ವ್ ಸಿಕ್ಕಿಕೊಳ್ಳುತ್ತದೆ. ದೊಡ್ಡ ಬೋಲ್ಟುಗಳಿಗೆ ಅಡಿಕೆ ಹಾಳೆಯ ತಟ್ಟೆ ಇಟ್ಟು, ನಂಬರ್ ಬರೆದೆ. ಹಾಳೆಯಲ್ಲಿ ನಾರು ಬಿಡುವುದರಿಂದ ವಾಲ್ವ್ ಬಾಡಿಯ ಸಣ್ಣ ಭಾಗಗಳಿಗೆ ಸ್ಟೀಲಿನ ಹರಿವಾಣ. ಒಳಗಿನ ಸಣ್ಣ ಗೋಲಿಗಳು ಎಲ್ಲೆಲ್ಲಿ ಇದ್ದವು ಅಂತ ಬಿಚ್ಚುವಾಗಲೇ ಮೊಬೈಲಿನಲ್ಲಿ ಫೋಟೊ ತೆಗೆದಿದ್ದೆ. ಕೂರಿಸುವಾಗ ಅವು ಉರುಳದ ಹಾಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದೆ. ಗ್ರೀಸ್ ಹಚ್ಚಬಾರದು. ಜೆಲ್ಲಿ ಬಿಸಿ ಆಯಿಲ್‌ನಲ್ಲಿ ಕರಗಿ ಹೋಗುತ್ತದೆ, ಗ್ರೀಸ್ ಸಣ್ಣ ದಾರಿಗಳನ್ನು ಮುಚ್ಚುತ್ತದೆ.

ಟೆಫ್ಲಾನ್ ರಿಂಗುಗಳಿಗೆ ಬಚ್ಚಲಿನ ಹಂಡೆಯ ಕುದಿಯುವ ನೀರು ಉಪಯೋಗಕ್ಕೆ ಬಂತು. ಬಿಸಿ ನೀರಿನಲ್ಲಿ ಮೆತ್ತಗಾದ ಮೇಲೆ ಒರೆಸಿ, ಹಿಗ್ಗಿಸಿ ಶಾಫ್ಟಿಗೆ ಏರಿಸಬೇಕು. ಹಿಗ್ಗಿದ ರಿಂಗ್ ಹಾಗೇ ಒಳಗೆ ಹೋದರೆ ತುಂಡಾಗುತ್ತದೆ. ಅದಕ್ಕೆ ಮೇಲಿಂದ ನುಣುಪಾದ ಕೊಳವೆ ಹಾಕಿ ಬಿಗಿದಿಟ್ಟೆ. ಒಂದು ಗಂಟೆಯಲ್ಲಿ ಅದು ಮೊದಲಿನ ಅಳತೆಗೆ ಬಂತು.

ಕ್ಲಚ್ಚಿನ ಸಡಿಲ ಅಳೆಯುವುದು ನನಗೆ ಇಷ್ಟದ ಕೆಲಸ. ನಾನು ಕಲಿತ ಲೆಕ್ಕ ಒಂದು ಫ್ರಿಕ್ಷನ್ನಿಗೆ ಸುಮಾರು 0.25 ಮಿ.ಮೀ. ನಾಲ್ಕಕ್ಕೆ 1 ಮಿ.ಮೀ. ಗಾಡಿಯ ಮ್ಯಾನುಯಲ್ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಯಬೇಕು. ಮೊದಲು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿದಾಗ 1.5 ಬಂತು. ಅಷ್ಟು ಬಿಟ್ಟರೆ ಪಿಸ್ಟನ್ ದೂರ ಓಡಬೇಕು, ಗೇರ್ ತಡವಾಗುತ್ತದೆ. ಪ್ಲೇಟುಗಳನ್ನು ಡ್ರಮ್ಮಿನಲ್ಲಿ ತಡೆದು ಹಿಡಿಯುವ ಸ್ನ್ಯಾಪ್ ರಿಂಗ್ ಬೇರೆ ಬೇರೆ ದಪ್ಪದಲ್ಲಿ ಸಿಗುತ್ತದೆ. ಕಿಟ್ಟಿನಲ್ಲಿದ್ದ ದಪ್ಪದ ರಿಂಗ್ ಹಾಕಿದ ಮೇಲೆ 1.1ಕ್ಕೆ ನಿಂತಿತು.

ಆಮೇಲೆ ಗಾಳಿ ಪರೀಕ್ಷೆ. ಕ್ಲಚ್ಚಿಗೆ ಆಯಿಲ್ ಹೋಗುವ ತೂತಿಗೆ ಸುಮಾರು 35 ಪಿಎಸ್‌ಐ ಗಾಳಿ ಬಿಟ್ಟರೆ ಪಿಸ್ಟನ್ 'ಟಪ್' ಅಂತ ಕೂರಬೇಕು. ನನ್ನದು 'ಟಪ್' ಅಂದಿತು, ಹಿಂದೆಯೇ 'ಸ್ಸ್' ಅಂತ ಸೋರಿತು. ರಾತ್ರಿ ಹತ್ತು ಗಂಟೆ. ಹುಡುಗ ನನ್ನ ಮುಖ ನೋಡಿದ. ಮತ್ತೆ ಬಿಚ್ಚಿದೆವು. ಹೊಸ ಸೀಲಿನ ಅಂಚು ಡ್ರಮ್ಮಿಗೆ ಇಳಿಯುವಾಗ ಒಂದು ಕಡೆ ಮಡಚಿ ಸೀಳಿತ್ತು, ಅಕ್ಕಿ ಕಾಳಿನಷ್ಟು. ಕಿಟ್ಟಿನಲ್ಲಿ ಇನ್ನೊಂದು ಸೀಲ್ ಇತ್ತು. ಈ ಸಲ ಅಂಚಿನ ಸುತ್ತ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಎಟಿಎಫ್ ಧಾರಾಳ ಸವರಿ, ಪಿಸ್ಟನ್ ತಿರುಗಿಸುತ್ತಾ ಇಳಿಸಿದೆ. ಆಗ ಬರೀ 'ಟಪ್'. ಗಾಳಿಗೆ ಐದು ನಿಮಿಷ ಕೊಡದೆ ಬಾಕ್ಸ್ ಮುಚ್ಚಿದ್ದರೆ ಅದನ್ನು ಮತ್ತೆ ಗಾಡಿಯಿಂದ ಇಳಿಸಬೇಕಾಗುತ್ತಿತ್ತು.

ಟಾರ್ಕ್ ಕನ್ವರ್ಟರ್ ಮಾತ್ರ ಮನೆಯಲ್ಲಿ ಆಗುವ ಕೆಲಸ ಅಲ್ಲ. ಅದನ್ನು ಲೇತಿನಲ್ಲಿ ಕತ್ತರಿಸಿ, ಲಾಕಪ್ ಲೈನಿಂಗ್ ಹಾಕಿ, ವೆಲ್ಡ್ ಮಾಡಿ, ಬ್ಯಾಲೆನ್ಸ್ ನೋಡಬೇಕು. ಕೊಚ್ಚಿಯ ಒಂದು ವರ್ಕ್‌ಶಾಪಿಗೆ ಕಳಿಸಿ ಮಾಡಿಸಿದೆ. ವಾಪಸ್ ಕೂರಿಸುವಾಗ ಎಚ್ಚರ. ಮೆಲ್ಲಗೆ ತಿರುಗಿಸುತ್ತಾ ಒತ್ತಿದರೆ ಅದು ಮೂರು ಸಲ ಒಳಗಿಳಿಯಬೇಕು. ಮೂರನೆಯದು ಪಂಪಿನ ಹಲ್ಲಿಗೆ. ಇಳಿಯದೆ ಬೋಲ್ಟ್ ಬಿಗಿದು ಎಳೆದರೆ ಪಂಪ್ ಒಡೆಯುತ್ತದೆ. ಬಾಕ್ಸಿನ ಮುಂದಿನ ಕವಚ, ಅಂದರೆ ಬೆಲ್ ಹೌಸಿಂಗ್, ಇಂಜಿನ್ನಿಗೆ ಕೈಯಲ್ಲೇ ಬಂದು ಕೂರಬೇಕು.

ಗೇರ್ ಬಾಕ್ಸಿನ ಆಯಿಲ್ ತಣಿಸುವ ಕೂಲರ್ ವಿಚಾರದಲ್ಲಿ ಹಣ ಉಳಿಸಲಿಲ್ಲ. ಹಳೇ ಕೂಲರಿನ ಒಳಗೆ ಸುಟ್ಟ ಪುಡಿ ಎಷ್ಟು ಕೂತಿದೆ ಅಂತ ಯಾರಿಗೂ ಕಾಣುವುದಿಲ್ಲ. ತೊಳೆದರೂ ಪೂರ್ತಿ ಹೋಗುವುದಿಲ್ಲ. ಅದನ್ನು ಬದಲಿಸಿದೆ. ಅದರ ನಂತರ, ಆಯಿಲ್ ಬಾಕ್ಸಿಗೆ ಮರಳುವ ದಾರಿಯಲ್ಲಿ, ರೇಡಿಯೇಟರ್ ಮುಂದೆ ಇನ್ನೊಂದು ಕೂಲರ್ ಕಟ್ಟಿದೆ. ಜೊತೆಗೆ ಒಂದು ಫಿಲ್ಟರ್, ಒಂದು ಬಿಸಿ ತೋರಿಸುವ ಮೀಟರ್. ಆಯಿಲ್ 10 ಡಿಗ್ರಿ ಜಾಸ್ತಿ ಕಾದರೆ ಅದರ ಆಯುಸ್ಸು ಸುಮಾರು ಅರ್ಧ ಆಗುತ್ತದೆ ಅನ್ನುವುದು ಗೇರ್ ಬಾಕ್ಸ್ ಕೆಲಸದವರ ಹಳೇ ಲೆಕ್ಕ.

ಈ ಬಾಕ್ಸಿಗೆ ಡಿಪ್‌ಸ್ಟಿಕ್ ಇಲ್ಲ. ಇಂಜಿನ್ ಚಾಲೂ ಇಟ್ಟು, ಆಯಿಲ್ ಮ್ಯಾನುಯಲ್ ಹೇಳಿದ ಬಿಸಿಗೆ ಬಂದಾಗ ಕೆಳಗಿನ ಪ್ಲಗ್ ತೆಗೆದು, ಹೆಚ್ಚಾದದ್ದು ಹರಿದು ತೆಳು ಧಾರೆಯಾಗಿ ಹನಿಯುವ ಹೊತ್ತಿಗೆ ಮುಚ್ಚಬೇಕು. ಆಮೇಲೆ ಸ್ಕ್ಯಾನರ್ ಹಾಕಿ, ಗೇರ್ ಬದಲಿಸುವ ಕಂಪ್ಯೂಟರ್ ಹಿಂದೆ ಕಲಿತದ್ದನ್ನು ಅಳಿಸಿದೆ. ಅದು ಸವೆದ ಕ್ಲಚ್ಚಿಗೆ ತಕ್ಕ ಹಾಗೆ ಹೊಂದಿಕೊಂಡಿರುತ್ತದೆ. ಅಳಿಸದಿದ್ದರೆ ಹೊಸ ಕ್ಲಚ್ಚಿಗೆ ಹೊಡೆತ ಬೀಳುತ್ತದೆ.

ಮೊದಲ ದಿನ ಖಾಲಿ ಗಾಡಿಯಲ್ಲಿ ಪೆರ್ಲದಿಂದ ಅಡ್ಯನಡ್ಕದವರೆಗೆ ಹೋಗಿ ಬಂದೆವು. ಹುಡುಗ ಓಡಿಸಿದ, ನಾನು ಪಕ್ಕದಲ್ಲಿ ಕೂತು ಕಿವಿ ಕೊಟ್ಟೆ. ಎರಡರಿಂದ ಮೂರು ಯಾವಾಗ ಆಯಿತು ಅಂತ ಮೀಟರ್ ನೋಡಿಯೇ ತಿಳಿಯಬೇಕಾಯಿತು. ಮುಂದಿನ ತಿಂಗಳು ಅಡಿಕೆ ಮೂಟೆ ತುಂಬಿ ಅದೇ ಬದಿಯಡ್ಕದ ಏರು ಹತ್ತಿದಾಗ ಬಿಸಿ 92 ದಾಟಲಿಲ್ಲ.

1,000 ಕಿ.ಮೀ. ಆದ ಮೇಲೆ ಬಾಕ್ಸಿನ ಅಡಿಯ ಆಯಿಲ್ ಪ್ಯಾನ್ ಇಳಿಸಿ ನೋಡಿದೆ. ಲೋಹದ ಪುಡಿ ಹಿಡಿಯುವ ಮ್ಯಾಗ್ನೆಟ್ ಮೇಲೆ ಬೂದಿ ಬಣ್ಣದ ತೆಳು ಲೇಪ, ಬೆರಳಿಗೆ ಹಿಟ್ಟಿನ ಹಾಗೆ ನುಣುಪು. ಚೂರುಗಳಿಲ್ಲ. ಆಯಿಲ್ ಇನ್ನೂ ಕೆಂಪಗೇ ಇತ್ತು. ಒರೆಸಿ, ಹೊಸ ಆಯಿಲ್ ಹಾಕಿ, ಪ್ಲಗ್ ಬಿಗಿದೆ.