ಯೆಜ್ಡಿಗೆ ಜೆಟ್ ಕೂರಿಸುವಾಗ ರಿಚ್ ಕಡೆಯಿಂದ ಬನ್ನಿ

ಯೆಜ್ಡಿ ಬೈಕ್ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಹೊರಬಂದ ಗಾಡಿಗಳು ಕುಡಿದದ್ದು ಎಥನಾಲ್ ಇಲ್ಲದ ಪೆಟ್ರೋಲ್. ಈಗ ಬಂಕಿನಲ್ಲಿ ಹಾಕುವುದರಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಒಳಗೇ ಆಮ್ಲಜನಕ ಇದೆ. ಹಾಗಾಗಿ ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ಪುಟ್ಟ ತೂತಿನ ಹಳೇ ಜೆಟ್‌ನಲ್ಲೇ ಓಡಿಸಿದರೆ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ. ಪೆಟ್ರೋಲ್ ಜಾಸ್ತಿಯಾದರೆ ರಿಚ್. ಲೀನ್ ಆದ ಟೂ-ಸ್ಟ್ರೋಕ್ ಮೊದಮೊದಲು ಚುರುಕಾಗಿಯೇ ಓಡುತ್ತದೆ. ಆಮೇಲೆ ಬಿಸಿ ಏರಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಇಂಥ ಇಂಜಿನ್ ಇನ್ನೊಂದು ತಯಾರಾಗುವುದಿಲ್ಲ. ಉಳಿಸಿಕೊಳ್ಳೋಣ.

ನನ್ನ ಗಾಡಿಯಲ್ಲಿ ಹಳೇ ಜಿಕೋವ್ ಬದಲು ಮಿಕುನಿ ವಿಎಂ ಮಾದರಿಯ ಕಾರ್ಬೊರೇಟರ್ ಇದೆ. ಮುಂದೆ ಹೇಳುವುದೆಲ್ಲ ಅದಕ್ಕೆ.

ಜೆಟ್ ಮುಟ್ಟುವ ಮುಂಚೆ ಗಾಳಿ ಎಲ್ಲಾದರೂ ಕಳ್ಳದಾರಿಯಲ್ಲಿ ನುಗ್ಗುತ್ತಿದೆಯಾ ನೋಡಿ. ಥ್ರಾಟಲ್ ಬಿಟ್ಟ ಮೇಲೂ ರೇಸ್ ಇಳಿಯುವುದು ನಿಧಾನವಾದರೆ ಇನ್‌ಟೇಕ್ ಗ್ಯಾಸ್ಕೆಟ್ ಅಥವಾ ಕ್ರ್ಯಾಂಕ್ ಸೀಲ್ ಮೇಲೆ ಅನುಮಾನ ಪಡಬೇಕು. ಅದನ್ನು ಸರಿ ಮಾಡದೆ ಜೆಟ್ ಬದಲಿಸಿದರೆ ಸುಮ್ನೆ ದುಡ್ಡು ದಂಡ. ಏರ್ ಫಿಲ್ಟರ್, ಕಿಡಿ ಕೊಡುವ ಪಾಯಿಂಟ್ಸ್, ಆ ಕಿಡಿಯ ಟೈಮಿಂಗ್ ಕೂಡ ಮೊದಲೇ ನೋಡಿಕೊಳ್ಳಿ. ಟ್ಯಾಂಕಿಗೆ ಎಣ್ಣೆ ಬೆರೆಸುವ ಅಳತೆಯನ್ನೂ ಬದಲಿಸಬೇಡಿ. ಎಣ್ಣೆ ಜಾಸ್ತಿಯಾದರೆ ಅದೇ ಜೆಟ್‌ನಲ್ಲಿ ಹೋಗುವ ಪೆಟ್ರೋಲ್ ಕಡಿಮೆಯಾಗುತ್ತದೆ, ಅಂದರೆ ಮತ್ತೆ ಲೀನ್.

ಥ್ರಾಟಲ್ ಹಿಡಿಯ ಮೇಲೆ ಒಂದು ಚೂರು ಟೇಪ್ ಅಂಟಿಸಿ. ಪಕ್ಕದಲ್ಲಿ ಕಾಲು, ಅರ್ಧ, ಮುಕ್ಕಾಲು ಎಂದು ಪೆನ್ನಿನಲ್ಲಿ ಗೆರೆ ಹಾಕಿ. ಇಷ್ಟು ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಶುರುವಿನ ಸ್ವಲ್ಪ ತಿರುವು ಪೈಲಟ್ ಜೆಟ್‌ನದು, ಕಾಲಿನಿಂದ ಮುಕ್ಕಾಲಿನವರೆಗೆ ಥ್ರಾಟಲ್ ಜೊತೆ ಏರಿಳಿಯುವ ಸೂಜಿ, ಅಂದರೆ ನೀಡಲ್‌ನದು, ಅದರಾಚೆ ಮೇನ್ ಜೆಟ್‌ನದು. ಗಾಡಿ ಯಾವ ಗೆರೆಯಲ್ಲಿ ಎಡವುತ್ತಿದೆ ಅನ್ನುವುದು ಗೊತ್ತಾದರೆ ಯಾವುದನ್ನು ಬಿಚ್ಚಬೇಕು ಅನ್ನುವುದೂ ಗೊತ್ತಾಗುತ್ತದೆ, ಅಲ್ವಾ?

ಮೊದಲು ಮೇನ್ ಜೆಟ್. ಈಗಿರುವುದಕ್ಕಿಂತ ಎರಡು ಸೈಜ್ ದೊಡ್ಡದು ಹಾಕಿ. ಖಾಲಿ ರಸ್ತೆಯಲ್ಲಿ ಪೂರ್ತಿ ಥ್ರಾಟಲ್ ಕೊಟ್ಟಾಗ ಇಂಜಿನ್ ಒಂದೇ ಸ್ವರದಲ್ಲಿ ಏರದೆ ಬರ್ರ್ ಬರ್ರ್ ಎಂದು ತೊದಲುತ್ತದೆ. ಅದು ರಿಚ್. ಒಂದೊಂದೇ ಸೈಜ್ ಇಳಿಸುತ್ತಾ ಬನ್ನಿ. ತೊದಲು ನಿಂತು ಗಾಡಿ ನೀಟಾಗಿ ಎಳೆಯುವ ಜೆಟ್‌ಗೇ ನಿಲ್ಲಿಸಿ. ಇನ್ನೊಂದು ಇಳಿಸಿದರೆ ಇನ್ನೂ ಓಡೀತು ಅನ್ನುವ ಆಸೆ ಬೇಡ.

ಆಮೇಲೆ ಹೊಸ ಪ್ಲಗ್ ಹಾಕಿ ಮೂರನೇ ಗೇರಿನಲ್ಲಿ ಪೂರ್ತಿ ಥ್ರಾಟಲ್‌ನಲ್ಲಿ ಸ್ವಲ್ಪ ದೂರ ಓಡಿಸಿ. ಥ್ರಾಟಲ್ ಇಳಿಸದೆ ಕ್ಲಚ್ ಹಿಡಿದು, ಆ ಕ್ಷಣವೇ ಇಗ್ನಿಷನ್ ಆಫ್ ಮಾಡಿ. ಗಾಡಿ ತಾನಾಗಿ ನಿಂತ ಮೇಲೆ ಪ್ಲಗ್ ಬಿಚ್ಚಿ. ನೋಡಬೇಕಾದದ್ದು ತುದಿಯನ್ನಲ್ಲ. ಬಿಳಿ ಪಿಂಗಾಣಿ ಕೆಳಗೆ ಲೋಹಕ್ಕೆ ಸೇರುವ ಜಾಗದಲ್ಲಿ ಒಂದು ಉಂಗುರ ಕಾಣುತ್ತದೆ. ಅದು ಕಂದು ಬಣ್ಣಕ್ಕಿದ್ದರೆ ಒಳ್ಳೆಯದು. ಉಂಗುರವೇ ಇಲ್ಲದೆ ಬೆಳ್ಳಗಿದ್ದರೆ ತಕ್ಷಣ ದೊಡ್ಡ ಜೆಟ್‌ಗೆ ಹಿಂತಿರುಗಿ.

ನೀಡಲ್ ಕ್ಲಿಪ್ಪನ್ನು ನೀಡಲ್ ಮೇಲಿರುವ ಕಚ್ಚುಗಳಲ್ಲಿ ಮೇಲಿನದಕ್ಕೆ ಸರಿಸಿದರೆ ಲೀನ್, ಕೆಳಗಿನದಕ್ಕೆ ಸರಿಸಿದರೆ ರಿಚ್. ಐಡ್ಲಿಂಗ್‌ಗೆ ಗಾಳಿ ಹೊಂದಿಸುವ ಏರ್ ಸ್ಕ್ರೂ ಬಿಸಿ ಇಂಜಿನ್‌ನಲ್ಲೇ ತಿರುಗಿಸಿ. ಒಳಗೆ ಹೋದಷ್ಟೂ ರಿಚ್. ಪೂರ್ತಿ ಒಳಗಿಂದ ಒಂದೂವರೆ ಸುತ್ತು ಹೊರಗೆ ಬಿಟ್ಟು ಶುರು ಮಾಡಿ, ಐಡ್ಲಿಂಗ್ ಅತಿ ಹೆಚ್ಚಾಗುವ ಜಾಗ ಹುಡುಕಿ. ಆ ಜಾಗ ಒಂದು ಸುತ್ತಿಗಿಂತ ಕಡಿಮೆಯಲ್ಲಿ ಬಂದರೆ ಪೈಲಟ್ ಜೆಟ್ ಚಿಕ್ಕದಾಯಿತು, ಎರಡೂವರೆ ದಾಟಿದರೆ ದೊಡ್ಡದಾಯಿತು. ಜೆಟ್ ಕಟ್ಟಿಕೊಂಡರೆ ತಂತಿ ತೂರಿಸಬೇಡಿ, ಗಾಳಿ ಹೊಡೆಸಿ. ತೂತು ಕೂದಲೆಳೆಯಷ್ಟು ಅಗಲವಾದರೂ ಮೇಲೆ ಕೆತ್ತಿದ ನಂಬರಿಗೆ ಅರ್ಥ ಇರುವುದಿಲ್ಲ.

ಮಡಿಕೇರಿಯಲ್ಲಿ ಟ್ಯೂನ್ ಮಾಡಿಕೊಂಡು ಮಂಗಳೂರಿಗೆ ಇಳಿಯುವವರು ಒಂದು ಸೈಜ್ ದೊಡ್ಡ ಮೇನ್ ಜೆಟ್ ಹಾಕಿಕೊಳ್ಳಿ. ಮೇಲೆ ಗಾಳಿ ತೆಳು, ಕೆಳಗೆ ದಟ್ಟ, ಹಾಗಾಗಿ ಅದೇ ಜೆಟ್ ಕೆಳಗೆ ಲೀನ್ ಆಗುತ್ತದೆ. ಸಂಪಾಜೆ ಘಾಟಿಯಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿಯುತ್ತಾ ಹೋಗಬೇಡಿ. ಎಣ್ಣೆ ಬರುವುದು ಪೆಟ್ರೋಲ್ ಜೊತೆಗೇ, ಥ್ರಾಟಲ್ ಮುಚ್ಚಿದರೆ ಎರಡೂ ಕಡಿಮೆ. ಆಗಾಗ ಕ್ಲಚ್ ಹಿಡಿದು ಸ್ವಲ್ಪ ರೇಸ್ ಕೊಡಿ.